ಮೊಳದಿಂದ ನಕ್ಷತ್ರದವರೆಗೆ: ಖಗೋಳಮಾನಗಳೂ ಮೀಟರಿನ ಲೆಕ್ಕವೂ

ಅಳತೆಯು ಮಾನವನ ವ್ಯವಹಾರದಷ್ಟೇ ಪ್ರಾಚೀನವಾದುದು. ಬಟ್ಟೆಗೆ ಮೊಳ, ಬಾವಿಯ ಆಳಕ್ಕೆ ಮಾರು, ದಾರಿಗೆ ಹರದಾರಿ ಎಂದು ಕನ್ನಡ ನಾಡಿನ ಹಿರಿಯರು ಕೆಲಸಕ್ಕೆ ತಕ್ಕ ಮಾನವನ್ನು ಬಳಸುತ್ತಿದ್ದರು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಭಾರತದಲ್ಲಿ ಮೀಟರು ಪದ್ಧತಿಯು ಹಂತಹಂತವಾಗಿ ಜಾರಿಗೆ ಬಂದಿತು. ಗಜ, ಫರ್ಲಾಂಗು, ಮೈಲುಗಳು ಕ್ರಮೇಣ ಹಿಂದೆ ಸರಿದವು. ಇಂದಿನ ವಿದ್ಯಾರ್ಥಿಗೆ ಮೀಟರೂ ಕಿಲೋಮೀಟರೂ ಮನೆಯ ಮಾತುಗಳಾಗಿವೆ. ಆದರೆ ಅದೇ ವಿದ್ಯಾರ್ಥಿಯು ಖಗೋಳವಿಜ್ಞಾನದ ಪಾಠವನ್ನು ತೆರೆದೊಡನೆ ಖಗೋಳಮಾನ, ಜ್ಯೋತಿರ್ವರ್ಷ, ಪಾರ್ಸೆಕ್ ಎಂಬ ಮೂರು ಅಪರಿಚಿತ ಮಾನಗಳು ಅವನನ್ನು ಎದುರುಗೊಳ್ಳುತ್ತವೆ.

ಇವುಗಳನ್ನು ಕಿಲೋಮೀಟರಿಗೆ ಪರಿವರ್ತಿಸುವುದು ಬರಿಯ ಗುಣಾಕಾರದ ಕೆಲಸವೆಂದು ಮೇಲ್ನೋಟಕ್ಕೆ ತೋರುತ್ತದೆ. ಗುಣಾಕಾರವೇನೋ ಹೌದು. ಆದರೆ ಯಾವ ಸಂಖ್ಯೆಯಿಂದ ಗುಣಿಸಬೇಕೋ ಆ ಸಂಖ್ಯೆಯನ್ನು ಪಡೆಯಲು ಮನುಕುಲವು ಸುಮಾರು ಮುನ್ನೂರು ವರ್ಷ ಶ್ರಮಿಸಬೇಕಾಯಿತು. ಈ ಹಿನ್ನೆಲೆಯನ್ನು ಅರಿತವನಿಗೆ ಪರಿವರ್ತನೆಯ ಲೆಕ್ಕ ಸುಲಭವಾಗುವುದಷ್ಟೇ ಅಲ್ಲ, ಅದರ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ವಿವೇಕವೂ ದೊರೆಯುತ್ತದೆ.

ಮಾನ ಬೇರೆಯಾದರೆ ಸಂಖ್ಯೆ ಬೇರೆ

ಆರ್ಯಭಟನು ಭೂಮಿಯ ವ್ಯಾಸವನ್ನು 1,050 ಯೋಜನವೆಂದು ಹೇಳಿದ್ದಾನೆ. ಸೂರ್ಯಸಿದ್ಧಾಂತದಲ್ಲಿ ಅದೇ ವ್ಯಾಸವು 1,600 ಯೋಜನವೆಂದಿದೆ. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ಒಬ್ಬರು ಸರಿ, ಇನ್ನೊಬ್ಬರು ತಪ್ಪು ಎಂದು ತೀರ್ಪು ಕೊಡುವುದು ಅವಸರದ ಮಾತಾದೀತು. ಏಕೆಂದರೆ ಯೋಜನವೆಂಬ ಹೆಸರು ಒಂದೇ ಆದರೂ ಅದರ ಉದ್ದವು ಕಾಲಕ್ಕೂ ಗ್ರಂಥಕ್ಕೂ ತಕ್ಕಂತೆ ಬೇರೆಯಾಗಿತ್ತು. ಯಾವ ಯೋಜನವೆಂದು ತಿಳಿಯದೆ ಅದನ್ನು ಕಿಲೋಮೀಟರಿಗೆ ತರುವುದು ಸಾಧ್ಯವಿಲ್ಲ. ಸಂಖ್ಯೆಯೊಡನೆ ಮಾನದ ಹೆಸರಿದ್ದರೆ ಸಾಲದು, ಆ ಮಾನದ ನಿಶ್ಚಿತವಾದ ನಿರೂಪಣೆಯೂ ಇರಬೇಕೆಂಬುದು ಇದರಿಂದ ದೊರೆಯುವ ಮೊದಲ ಪಾಠ.

ಮೀಟರಿಗೂ ಇಂಥದೊಂದು ಇತಿಹಾಸವಿದೆ. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯಲ್ಲೊಂದು ಭಾಗವೇ ಮೀಟರು ಎಂದು ಫ್ರಾನ್ಸಿನ ವಿದ್ವಾಂಸರು 1791ರಲ್ಲಿ ನಿರ್ಧರಿಸಿದರು. ಡೆಲಾಂಬ್ರ ಮತ್ತು ಮೆಶೇನ್ ಎಂಬಿಬ್ಬರು ಡನ್‌ಕರ್ಕಿನಿಂದ ಬಾರ್ಸಿಲೋನಾದವರೆಗೆ ವರ್ಷಗಟ್ಟಲೆ ಮೋಜಣಿ ಮಾಡಿ ಅದರ ಉದ್ದವನ್ನು ಕಂಡುಕೊಟ್ಟರು. 1799ರಲ್ಲಿ ಸಿದ್ಧವಾದ ಪ್ಲಾಟಿನಮ್ ಪಟ್ಟಿಯು ಉದ್ದೇಶಿತ ಉದ್ದಕ್ಕಿಂತ ಸುಮಾರು 0.2 ಮಿಲಿಮೀಟರು ಕಡಿಮೆಯಿತ್ತೆಂದು ಬಳಿಕ ತಿಳಿದುಬಂದಿತು. ಆದರೂ ಜಗತ್ತು ಆ ಉದ್ದವನ್ನೇ ಉಳಿಸಿಕೊಂಡಿತು. 1983ರಿಂದೀಚೆಗೆ ಶೂನ್ಯಪ್ರದೇಶದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು ಎನಿಸಿದೆ. ಆದುದರಿಂದ ಬೆಳಕಿನ ವೇಗವನ್ನು ಈಗ ಅಳೆಯುವುದಿಲ್ಲ, ಸೆಕೆಂಡಿಗೆ 2,99,792.458 ಕಿಲೋಮೀಟರು ಎಂಬುದು ನಿಶ್ಚಿತವಾದ ಸಂಖ್ಯೆ.

ಖಗೋಳಮಾನದ ಬೆಲೆಗಾಗಿ ನಡೆದ ಶೋಧ

ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವನ್ನು ಒಂದು ಎಂದು ಹಿಡಿದು ಉಳಿದ ಗ್ರಹಗಳ ದೂರವನ್ನು ಹೇಳುವ ಪದ್ಧತಿಯೇ ಖಗೋಳಮಾನದ ಮೂಲ. ಕೆಪ್ಲರನು 1619ರಲ್ಲಿ ಪ್ರಕಟಿಸಿದ ಮೂರನೆಯ ನಿಯಮದಂತೆ ಗ್ರಹದ ಪರಿಭ್ರಮಣ ಕಾಲದ ವರ್ಗವು ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಗುರುಗ್ರಹವು ಸೂರ್ಯನನ್ನು ಸುತ್ತಲು 11.86 ವರ್ಷ ತೆಗೆದುಕೊಳ್ಳುತ್ತದೆ. ಇದರ ವರ್ಗ ಸುಮಾರು 140.7, ಅದರ ಘನಮೂಲ 5.20. ಎಂದರೆ ಗುರುವಿನ ದೂರ 5.20 ಖಗೋಳಮಾನ. ಇದಕ್ಕೆ ಪಂಚಾಂಗ ಮತ್ತು ತಾಳ್ಮೆ ಸಾಕು. ದೂರವನ್ನಳೆಯುವ ಯಾವ ಉಪಕರಣವೂ ಬೇಡ.

ಆದರೆ ಇದು ಅಳತೆಗೋಲಿನ ಗುರುತಿಲ್ಲದ ನಕಾಶೆಯಂತೆ. ಊರುಗಳ ನಡುವಣ ಅನುಪಾತಗಳೆಲ್ಲ ಸರಿಯಾಗಿವೆ; ಒಂದು ಅಂಗುಲಕ್ಕೆ ಎಷ್ಟು ಹರದಾರಿ ಎಂಬುದು ಮಾತ್ರ ಬರೆದಿಲ್ಲ. ಯಾವುದಾದರೊಂದು ದೂರವನ್ನು ನೇರವಾಗಿ ಅಳೆದರೆ ಸಾಕು, ಇಡೀ ಸೌರಮಂಡಲದ ಅಳತೆಯೇ ಕೈಗೆ ಬರುತ್ತದೆ. ಖಗೋಳಜ್ಞರು ತಮ್ಮದೇ ಆದ ಮಾನವನ್ನು ಬಳಸಿದ್ದು ಸಂಖ್ಯೆಗಳು ದೊಡ್ಡವೆಂಬ ಕಾರಣಕ್ಕಷ್ಟೇ ಅಲ್ಲ. ಅನುಪಾತವು ಅವರಿಗೆ ಖಚಿತವಾಗಿ ತಿಳಿದಿತ್ತು. ಮೈಲಿಯ ಲೆಕ್ಕ ತಿಳಿದಿರಲಿಲ್ಲ. ತಿಳಿದುದನ್ನು ತಿಳಿಯದುದರಿಂದ ಗುಣಿಸಿ ಕೆಡಿಸಬಾರದೆಂಬ ಎಚ್ಚರವು ಈ ಮಾನದ ಹಿಂದಿತ್ತು.

1672ರಲ್ಲಿ ಕ್ಯಾಸಿನಿಯು ಪ್ಯಾರಿಸಿನಿಂದಲೂ ರಿಶೇ ಎಂಬಾತನು ದಕ್ಷಿಣ ಅಮೆರಿಕದ ಕಯೆನ್ನಿನಿಂದಲೂ ಮಂಗಳಗ್ರಹವನ್ನು ವೀಕ್ಷಿಸಿದರು. ಇದರಿಂದ ಖಗೋಳಮಾನವು ಸುಮಾರು 14 ಕೋಟಿ ಕಿಲೋಮೀಟರೆಂದು ಕಂಡುಬಂದಿತು. 1716ರಲ್ಲಿ ಹ್ಯಾಲಿಯು ಇನ್ನೂ ಉತ್ತಮವಾದ ಮಾರ್ಗವೊಂದನ್ನು ಸೂಚಿಸಿದನು: ಶುಕ್ರನು ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಭೂಮಿಯ ದೂರದೂರದ ಸ್ಥಳಗಳಿಂದ ನೋಡಿ ಕಾಲವ್ಯತ್ಯಾಸವನ್ನು ಗುರುತಿಸುವುದು. ಇಂಥ ಸಂಕ್ರಮಣಗಳು ಎಂಟು ವರ್ಷಗಳ ಅಂತರದಲ್ಲಿ ಎರಡು ಬಂದು, ಬಳಿಕ ನೂರು ವರ್ಷಕ್ಕೂ ಮಿಕ್ಕಿ ಬರುವುದೇ ಇಲ್ಲ. 1761 ಮತ್ತು 1769ರ ಸಂಕ್ರಮಣಗಳಿಗಾಗಿ ಐರೋಪ್ಯ ವಿದ್ವಾಂಸರು ಭೂಮಂಡಲದ ಮೂಲೆಮೂಲೆಗೂ ತೆರಳಿದರು. ಅವರಲ್ಲಿ ಫ್ರಾನ್ಸಿನ ಲೆ ಜಾಂಟೀಲನು ಪಾಂಡಿಚೇರಿಗೆಂದು ಹೊರಟವನು. ಆ ಊರು ಆಂಗ್ಲರ ವಶವಾದುದರಿಂದ 1761ರಲ್ಲಿ ಅವನು ಹಡಗಿನಲ್ಲಿಯೇ ಉಳಿಯಬೇಕಾಯಿತು. ಅಲುಗುವ ಹಡಗಿನಿಂದ ಮಾಡಿದ ವೀಕ್ಷಣೆಯು ನಿಷ್ಪ್ರಯೋಜಕವಾಯಿತು. ಎಂಟು ವರ್ಷ ಪೂರ್ವದೇಶಗಳಲ್ಲಿಯೇ ಕಾದು, 1769ರ ಜೂನ್ ತಿಂಗಳಲ್ಲಿ ಪಾಂಡಿಚೇರಿಯ ವೀಕ್ಷಣಾಲಯದಲ್ಲಿ ಸಿದ್ಧನಾಗಿ ನಿಂತಾಗ ಮೋಡ ಕವಿದು ಸೂರ್ಯನೇ ಕಾಣದಾದನು.

ಆ ಎರಡು ಸಂಕ್ರಮಣಗಳ ವೀಕ್ಷಣೆಗಳನ್ನೆಲ್ಲ ಸಂಗ್ರಹಿಸಿ ಎಂಕೆ ಎಂಬ ಜರ್ಮನ್ ಖಗೋಳಜ್ಞನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಡೆದ ಬೆಲೆಯು 15 ಕೋಟಿ 33 ಲಕ್ಷ ಕಿಲೋಮೀಟರಿಗೂ ಹೆಚ್ಚಾಗಿತ್ತು. ಇದು ನಿಜವಾದ ಬೆಲೆಗಿಂತ ಸುಮಾರು 37 ಲಕ್ಷ ಕಿಲೋಮೀಟರು ಅಧಿಕ.

1874ರ ಡಿಸೆಂಬರ್ 9ರ ಸಂಕ್ರಮಣವು ಭಾರತದಲ್ಲಿ ಗೋಚರವಾಗುವಂತಿತ್ತು. ಮದರಾಸು ವೀಕ್ಷಣಾಲಯದಲ್ಲಿ ಸೇವೆಯಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಈ ಘಟನೆಯ ಅರ್ಥವನ್ನೂ ಅದರಿಂದ ಸೂರ್ಯನ ದೂರವನ್ನು ಕಂಡುಹಿಡಿಯುವ ಬಗೆಯನ್ನೂ ಜನಸಾಮಾನ್ಯರಿಗೆ ತಿಳಿಸಲು ಪುಸ್ತಿಕೆಯೊಂದನ್ನು ರಚಿಸಿದರು. ಅದು ಕನ್ನಡದಲ್ಲಿಯೂ ಪ್ರಕಟವಾಯಿತು. ಖಗೋಳಮಾನದ ಬೆಲೆಯು ಜಗತ್ತಿನಲ್ಲಿ ಇನ್ನೂ ಇತ್ಯರ್ಥವಾಗದಿದ್ದ ಕಾಲದಲ್ಲಿಯೇ ಕನ್ನಡ ಬಲ್ಲ ಓದುಗನ ಕೈಗೆ ಆ ವಿಚಾರವು ತಲುಪಿತೆಂಬುದು ಸ್ಮರಣೀಯವಾದ ಸಂಗತಿ.

ಬಳಿಕ ಈರೋಸ್ ಎಂಬ ಕ್ಷುದ್ರಗ್ರಹವು 1930-31ರಲ್ಲಿ ಭೂಮಿಯ ಸಮೀಪಕ್ಕೆ ಬಂದಾಗ ಅನೇಕ ದೇಶಗಳ ವೀಕ್ಷಣಾಲಯಗಳು ಅದನ್ನು ಅಳೆದವು. ಹತ್ತು ವರ್ಷ ಲೆಕ್ಕಮಾಡಿ ಸ್ಪೆನ್ಸರ್ ಜೋನ್ಸ್ ಪಡೆದ ಬೆಲೆ ಸುಮಾರು 14 ಕೋಟಿ 96 ಲಕ್ಷ 70 ಸಾವಿರ ಕಿಲೋಮೀಟರು. ಅಂದಿಗೆ ಇದೇ ಅತ್ಯಂತ ಪ್ರಮಾಣಭೂತವಾದ ಸಂಖ್ಯೆಯೆನಿಸಿತ್ತು.

ರೇಡಾರ್ ನೀಡಿದ ಉತ್ತರ

1961ರಲ್ಲಿ ಶುಕ್ರನು ಭೂಮಿಗೆ ಸಮೀಪದಲ್ಲಿದ್ದಾಗ ಅಮೆರಿಕ, ರಷ್ಯ ಮತ್ತು ಇಂಗ್ಲೆಂಡುಗಳ ವಿಜ್ಞಾನಿಗಳು ಅದರತ್ತ ರೇಡಿಯೋ ತರಂಗಗಳನ್ನು ಕಳುಹಿಸಿ ಮಾರ್ದನಿಯನ್ನು ಗ್ರಹಿಸಿದರು. ಇದರ ತತ್ತ್ವವು ಪ್ರೌಢಶಾಲೆಯ ಬಾಲಕನಿಗೂ ತಿಳಿಯುವಷ್ಟು ಸರಳವಾದುದು. ತರಂಗವು ಹೋಗಿ ಬರಲು ಸುಮಾರು 280 ಸೆಕೆಂಡು ಹಿಡಿಯಿತೆನ್ನೋಣ. ಹೋಗುವುದಕ್ಕೆ 140 ಸೆಕೆಂಡು. ಇದನ್ನು ಬೆಳಕಿನ ವೇಗದಿಂದ ಗುಣಿಸಿದರೆ ಸುಮಾರು 4.2 ಕೋಟಿ ಕಿಲೋಮೀಟರು. ಕೆಪ್ಲರನ ನಿಯಮದಿಂದ ಅದೇ ದೂರವು 0.28 ಖಗೋಳಮಾನವೆಂದು ಮೊದಲೇ ತಿಳಿದಿದೆ. 4.2 ಕೋಟಿಯನ್ನು 0.28ರಿಂದ ಭಾಗಿಸಿದರೆ 15 ಕೋಟಿ ಕಿಲೋಮೀಟರು ದೊರೆಯುತ್ತದೆ. ಸೂಕ್ಷ್ಮವಾದ ಅಳತೆಗಳಿಂದ ಈ ಬೆಲೆಯು 14 ಕೋಟಿ 96 ಲಕ್ಷ ಕಿಲೋಮೀಟರಿನ ತೀರ ಸಮೀಪದಲ್ಲಿ ನಿಂತಿತು.

ಸ್ಪೆನ್ಸರ್ ಜೋನ್ಸರ ಬೆಲೆಗೂ ಇದಕ್ಕೂ ಸುಮಾರು 70,000 ಕಿಲೋಮೀಟರಿನ ವ್ಯತ್ಯಾಸ ಕಂಡುಬಂದಿತು. ಸಾವಿರದಲ್ಲಿ ಅರ್ಧ ಭಾಗವೂ ಇಲ್ಲದ ಈ ದೋಷವನ್ನು ಅಲ್ಪವೆಂದು ತಳ್ಳಿಹಾಕಬಹುದೆ? 1962ರ ಡಿಸೆಂಬರ್ 14ರಂದು ಮ್ಯಾರಿನರ್-2 ನೌಕೆಯು ಶುಕ್ರನಿಂದ ಸುಮಾರು 35,000 ಕಿಲೋಮೀಟರು ದೂರದಲ್ಲಿ ಹಾದುಹೋಯಿತು. ಎಂದರೆ ಹಳೆಯ ಬೆಲೆಯಲ್ಲಿದ್ದ ದೋಷವು ಈ ಅಂತರದ ಇಮ್ಮಡಿ. ಹಳೆಯ ಸಂಖ್ಯೆಯನ್ನೇ ನಂಬಿ ಹೊರಟಿದ್ದರೆ ನೌಕೆಯ ಹಾದಿಯು ಸಾವಿರಾರು ಕಿಲೋಮೀಟರು ತಪ್ಪುವ ಸಂಭವವಿತ್ತು.

ಕೊನೆಗೆ 2012ರ ಆಗಸ್ಟ್ ತಿಂಗಳಲ್ಲಿ ಬೀಜಿಂಗಿನಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಸಂಘದ ಅಧಿವೇಶನವು ಖಗೋಳಮಾನವನ್ನು 14,959 ಕೋಟಿ 78 ಲಕ್ಷ 70 ಸಾವಿರದ 700 ಮೀಟರೆಂದು ಶಾಶ್ವತವಾಗಿ ಗೊತ್ತುಪಡಿಸಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಈ ಶತಮಾನದ ಕೊನೆಯ ಶುಕ್ರ ಸಂಕ್ರಮಣವು ನಡೆದಿತ್ತು, ಮುಂದಿನದು 2117ರಲ್ಲಿ. ಭೂಮಿಯು ಸೂರ್ಯನಿಂದ ಸದಾ ಇಷ್ಟೇ ದೂರದಲ್ಲಿರುತ್ತದೆಂದು ಇದರಿಂದ ಭಾವಿಸಬಾರದು. ಜನವರಿಯಲ್ಲಿ ಆ ದೂರ ಸುಮಾರು 14.7 ಕೋಟಿಗೆ ಇಳಿದು ಜುಲೈಯಲ್ಲಿ 15.2 ಕೋಟಿಗೆ ಏರುತ್ತದೆ. ಖಗೋಳಮಾನವು ಈಗ ಮೀಟರಿನಂತೆಯೇ ಒಂದು ನಿಶ್ಚಿತ ಅಳತೆಗೋಲು.

ಜ್ಯೋತಿರ್ವರ್ಷ ಮತ್ತು ಪಾರ್ಸೆಕ್

ಜ್ಯೋತಿರ್ವರ್ಷವೆಂಬ ಹೆಸರಿನಲ್ಲಿ ವರ್ಷವಿದ್ದರೂ ಅದು ಕಾಲದ ಮಾನವಲ್ಲ, ದೂರದ ಮಾನ. 365.25 ದಿನಗಳ ಒಂದು ವರ್ಷದಲ್ಲಿ ಬೆಳಕು ಸಾಗುವ ದೂರವಿದು: 9,46,073 ಕೋಟಿ 4 ಲಕ್ಷ 72 ಸಾವಿರದ 580.8 ಕಿಲೋಮೀಟರು. ವ್ಯವಹಾರಕ್ಕೆ 9.46 ಲಕ್ಷ ಕೋಟಿ ಕಿಲೋಮೀಟರೆಂದರೆ ಸಾಕು.

ಪಾರ್ಸೆಕ್ ಎಂಬುದು ಕೋನದಿಂದ ಹುಟ್ಟಿದ ಮಾನ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಬಲಗಣ್ಣಿನಿಂದ, ಒಮ್ಮೆ ಎಡಗಣ್ಣಿನಿಂದ ನೋಡಿದರೆ ಅದು ಹಿನ್ನೆಲೆಯ ಮೇಲೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಹಾಗೆಯೇ ಭೂಮಿಯು ಸೂರ್ಯನನ್ನು ಸುತ್ತುವಾಗ ಸಮೀಪದ ನಕ್ಷತ್ರವು ದೂರದ ನಕ್ಷತ್ರಗಳ ನಡುವೆ ಅತ್ಯಲ್ಪವಾಗಿ ಸರಿಯುತ್ತದೆ. ಇದೇ ಲಂಬನ. ಇದನ್ನು ಅಳೆಯುವುದು ವಿಕಲೆಗಳಲ್ಲಿ. ಒಂದು ಡಿಗ್ರಿಯ 3,600ನೆಯ ಒಂದು ಭಾಗವೇ ವಿಕಲೆ. ಒಂದು ಸೆಂಟಿಮೀಟರು ಅಗಲದ ಅಂಗಿಯ ಗುಂಡಿಯನ್ನು ಎರಡು ಕಿಲೋಮೀಟರಿಗೂ ತುಸು ಹೆಚ್ಚು ದೂರದಲ್ಲಿಟ್ಟರೆ ಅದು ಕಣ್ಣಿನಲ್ಲಿ ಉಂಟುಮಾಡುವ ಕೋನವು ಒಂದು ವಿಕಲೆ.

ಒಂದು ಖಗೋಳಮಾನದಷ್ಟು ಉದ್ದವು ಒಂದು ವಿಕಲೆಯ ಕೋನವನ್ನುಂಟುಮಾಡುವ ದೂರವೇ ಒಂದು ಪಾರ್ಸೆಕ್. 1913ರಲ್ಲಿ ಟರ್ನರ್ ಎಂಬ ಆಂಗ್ಲ ಖಗೋಳಜ್ಞನು ಈ ಹೆಸರನ್ನು ಸೂಚಿಸಿದನು. ಇದರ ಅನುಕೂಲವೆಂದರೆ ಒಂದನ್ನು ಲಂಬನದಿಂದ ಭಾಗಿಸಿದೊಡನೆ ದೂರವು ಪಾರ್ಸೆಕ್ಕಿನಲ್ಲಿ ದೊರೆಯುತ್ತದೆ. 1838ರಲ್ಲಿ ಬೆಸೆಲನು ಹಂಸ ನಕ್ಷತ್ರಪುಂಜದ 61ನೆಯ ನಕ್ಷತ್ರದ ಲಂಬನವನ್ನು ಸುಮಾರು 0.31 ವಿಕಲೆಯೆಂದು ಅಳೆದು ನಕ್ಷತ್ರದೂರದ ಬಾಗಿಲನ್ನು ತೆರೆದನು. ಇಂದಿನ ಬೆಲೆ 0.286 ವಿಕಲೆ, ಎಂದರೆ 3.50 ಪಾರ್ಸೆಕ್, ಅಥವಾ 11.4 ಜ್ಯೋತಿರ್ವರ್ಷ.

ಪರಿವರ್ತನೆಯ ಕೋಷ್ಟಕ

1 ಖಗೋಳಮಾನ = 14.96 ಕೋಟಿ ಕಿಲೋಮೀಟರು = ಬೆಳಕಿನ 499 ಸೆಕೆಂಡು
1 ಜ್ಯೋತಿರ್ವರ್ಷ = 9.46 ಲಕ್ಷ ಕೋಟಿ ಕಿಲೋಮೀಟರು = 63,241 ಖಗೋಳಮಾನ
1 ಪಾರ್ಸೆಕ್ = 30.86 ಲಕ್ಷ ಕೋಟಿ ಕಿಲೋಮೀಟರು = 3.26 ಜ್ಯೋತಿರ್ವರ್ಷ = 2,06,265 ಖಗೋಳಮಾನ

ದೊಡ್ಡ ಮಾನದಿಂದ ಚಿಕ್ಕ ಮಾನಕ್ಕೆ ಬರುವಾಗ ಗುಣಿಸಬೇಕು. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವಾಗ ಭಾಗಿಸಬೇಕು. ಭಾರತದ ಆದಿತ್ಯ-ಎಲ್1 ನೌಕೆಯು 2024ರ ಜನವರಿ 6ರಂದು ತನ್ನ ನೆಲೆಯನ್ನು ಸೇರಿತು. ಅದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರು. ಇದನ್ನು 14.96 ಕೋಟಿಯಿಂದ ಭಾಗಿಸಿದರೆ 0.01 ಖಗೋಳಮಾನ. ನೌಕೆಯು ಸೂರ್ಯನನ್ನು ಅಧ್ಯಯನ ಮಾಡುತ್ತದೆಂದು ಕೇಳಿದ ಜನರು ಅದು ಸೂರ್ಯನ ಬಳಿಗೇ ಹೋಯಿತೆಂದು ಭಾವಿಸುವುದುಂಟು. ಸೂರ್ಯನ ದಾರಿಯಲ್ಲಿ ಅದು ನಡೆದದ್ದು ನೂರರಲ್ಲಿ ಒಂದು ಪಾಲು ಮಾತ್ರವೆಂದು ಈ ಒಂದು ಭಾಗಾಕಾರವು ತಿಳಿಸಿಕೊಡುತ್ತದೆ.

ಸೂರ್ಯನ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾದ ಲಂಬನ 0.768 ವಿಕಲೆ. ಒಂದನ್ನು ಇದರಿಂದ ಭಾಗಿಸಿದರೆ 1.30 ಪಾರ್ಸೆಕ್, 3.26ರಿಂದ ಗುಣಿಸಿದರೆ ಸುಮಾರು 4.25 ಜ್ಯೋತಿರ್ವರ್ಷ, ಕಿಲೋಮೀಟರಿನಲ್ಲಿ ಸುಮಾರು 40 ಲಕ್ಷ ಕೋಟಿ.

ಎಷ್ಟು ಅಂಕೆಗಳನ್ನು ಬರೆಯಬೇಕು?

ಮಂಗಳನ ಸರಾಸರಿ ದೂರ 1.52 ಖಗೋಳಮಾನ. ಇದನ್ನು ಪೂರ್ಣ ಬೆಲೆಯಿಂದ ಗುಣಿಸಿದರೆ 22,73,88,763.46 ಕಿಲೋಮೀಟರು ಎಂಬ ಉತ್ತರ ಬರುತ್ತದೆ. ಗಣಿತದಲ್ಲಿ ತಪ್ಪಿಲ್ಲ, ಆದರೆ ವಿಜ್ಞಾನದ ದೃಷ್ಟಿಯಿಂದ ಇದು ಸುಳ್ಳು. 1.52 ಎಂಬ ಸಂಖ್ಯೆಯಲ್ಲಿರುವುದು ಮೂರೇ ಅಂಕೆಗಳ ತಿಳಿವಳಿಕೆ. ಮೂರು ಅಂಕೆಗಳ ತಿಳಿವಳಿಕೆಯನ್ನು ಗುಣಾಕಾರವು ಹನ್ನೊಂದು ಅಂಕೆಗಳಿಗೆ ಏರಿಸಲಾರದು. ಸರಿಯಾದ ಉತ್ತರ 22.7 ಕೋಟಿ ಕಿಲೋಮೀಟರು. ಹಾಗೆಯೇ ಆ್ಯಂಡ್ರೊಮಿಡಾ ನೀಹಾರಿಕೆಯ ದೂರವು ಸುಮಾರು 25 ಲಕ್ಷ ಜ್ಯೋತಿರ್ವರ್ಷವೆಂದಾಗ, ಕಿಲೋಮೀಟರಿನಲ್ಲಿ ಅದು ಸುಮಾರು 2.4×10¹⁹ ಎಂದು ಬರೆದು ನಿಲ್ಲಿಸಬೇಕು. ಅದರ ಮುಂದಿನ ಅಂಕೆಗಳು ಆಕಾಶದಿಂದ ಬಂದವಲ್ಲ, ಗಣಕಯಂತ್ರದಿಂದ ಬಂದವು.

ಲೆಕ್ಕ ತಪ್ಪಿದಲ್ಲಿ

ಮಾನಗಳ ವಿಷಯದಲ್ಲಿ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ 1999ರ ಸೆಪ್ಟೆಂಬರ್ 23 ಸಾಕ್ಷಿ. ಅಂದು ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯು ಮಂಗಳನನ್ನು ತಲುಪಬೇಕಾಗಿತ್ತು. ನೌಕೆಯ ಸಣ್ಣ ಎಂಜಿನುಗಳ ತಳ್ಳುವಿಕೆಯ ಪ್ರಮಾಣವನ್ನು ಒಂದು ತಂಡವು ಪೌಂಡಿನ ಪದ್ಧತಿಯಲ್ಲಿ ಒದಗಿಸಿತು. ಹಾದಿಯ ಲೆಕ್ಕ ಮಾಡುವ ತಂಡವು ಅದನ್ನು ಮೀಟರು ಪದ್ಧತಿಯ ನ್ಯೂಟನ್ ಎಂದು ತಿಳಿಯಿತು. ಎರಡಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಇದು ಉದ್ದದ ಮಾನವಲ್ಲದಿದ್ದರೂ ಪರಿಣಾಮವು ಉದ್ದದಲ್ಲಿಯೇ ತೋರಿತು: ಮಂಗಳನ ಮೇಲ್ಮೈಯಿಂದ ಸುಮಾರು 226 ಕಿಲೋಮೀಟರು ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆಯು ಸುಮಾರು 57 ಕಿಲೋಮೀಟರಿಗೆ ಇಳಿದು ನಾಶವಾಯಿತು.

ಇದಕ್ಕೆ ಪ್ರತಿಯಾಗಿ 2014ರ ಸೆಪ್ಟೆಂಬರ್ 24ರಂದು ಭಾರತದ ಮಂಗಳಯಾನವು ಮೊದಲ ಪ್ರಯತ್ನದಲ್ಲಿಯೇ ಮಂಗಳನ ಕಕ್ಷೆಯನ್ನು ಸೇರಿತು. ಬೆಂಗಳೂರಿನ ನಿಯಂತ್ರಣ ಕೇಂದ್ರವೂ ಬ್ಯಾಲಾಳುವಿನ ಬೃಹತ್ ಆಂಟೆನಾವೂ ಅಂದು ಆ ಸುದ್ದಿಗಾಗಿ ಕಾದಿದ್ದವು. ನೌಕೆಯ ಸಂಕೇತವು ಭೂಮಿಗೆ ಬರಲು ಸುಮಾರು ಹನ್ನೆರಡೂವರೆ ನಿಮಿಷ, ಅಂದರೆ 750 ಸೆಕೆಂಡು ಹಿಡಿಯುತ್ತಿತ್ತು. 750ನ್ನು 499ರಿಂದ ಭಾಗಿಸಿದರೆ ದೂರವು 1.5 ಖಗೋಳಮಾನ; ಎಂದರೆ ಸುಮಾರು 22.5 ಕೋಟಿ ಕಿಲೋಮೀಟರು. ಎಂಜಿನು ಉರಿಯಬೇಕಾಗಿದ್ದುದು ಸುಮಾರು 23 ನಿಮಿಷ. ಸಂಕೇತವು ಬಂದು, ಮರುಸಂಕೇತವು ಹೋಗುವಷ್ಟರಲ್ಲಿ 25 ನಿಮಿಷ ಕಳೆದಿರುತ್ತಿತ್ತು. ತಿದ್ದುವುದಕ್ಕೆ ಅವಕಾಶವೇ ಇರಲಿಲ್ಲ. ಆದುದರಿಂದಲೇ ಆಜ್ಞೆಗಳನ್ನೆಲ್ಲ ಮುಂಚಿತವಾಗಿ ನೌಕೆಗೆ ಕಳುಹಿಸಿಡಲಾಗಿತ್ತು. ದೂರವನ್ನು ಕಾಲಕ್ಕೂ ಕಾಲವನ್ನು ದೂರಕ್ಕೂ ತಿರುಗಿಸುವ ಸಾಮಾನ್ಯ ಲೆಕ್ಕವೇ ಅಂದಿನ ಕಾರ್ಯಕ್ರಮವನ್ನು ನಿರ್ಧರಿಸಿತ್ತು.

ಶಾಲೆಯ ಬಯಲಿನಲ್ಲಿ ಸೌರಮಂಡಲ

ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಆಟದ ಬಯಲಿನಲ್ಲಿ ಹೆಜ್ಜೆ ಹಾಕಿಸುವುದು ಫಲಕಾರಿ. ಒಂದು ಖಗೋಳಮಾನಕ್ಕೆ ಒಂದು ಮೀಟರೆಂದು ಹಿಡಿಯುವುದು. ಆಗ ಸೂರ್ಯನು ಒಂಬತ್ತು ಮಿಲಿಮೀಟರಿನ ಒಂದು ಕಡಲೆಕಾಳು. ಅದರಿಂದ ಒಂದು ಮೀಟರು ದೂರದಲ್ಲಿ ಭೂಮಿ. ಅದು ಕಣ್ಣಿಗೆ ಕಂಡೂ ಕಾಣದ ಧೂಳಿನ ಕಣ. ಚಂದ್ರನು ಭೂಮಿಯಿಂದ ಎರಡೂವರೆ ಮಿಲಿಮೀಟರು, ಆದಿತ್ಯ-ಎಲ್1 ಒಂದು ಸೆಂಟಿಮೀಟರು. ಗುರುವು ಕಡಲೆಕಾಳಿನಿಂದ 5.2 ಮೀಟರು, ಶನಿಯು ಒಂಬತ್ತೂವರೆ, ನೆಪ್ಚೂನ್ 30 ಮೀಟರು. ಇಷ್ಟು ಮಾತ್ರಕ್ಕೆ ಯಾವ ಶಾಲೆಯ ಅಂಗಳವೂ ಸಾಕು.

ಇದೇ ಅಳತೆಯಲ್ಲಿ ಒಂದು ಜ್ಯೋತಿರ್ವರ್ಷವು 63 ಕಿಲೋಮೀಟರು, ಒಂದು ಪಾರ್ಸೆಕ್ 206 ಕಿಲೋಮೀಟರು. ಕಡಲೆಕಾಳು ಬೆಂಗಳೂರಿನಲ್ಲಿದ್ದರೆ ಪ್ರಾಕ್ಸಿಮಾ ನಕ್ಷತ್ರವನ್ನು ದಾವಣಗೆರೆಯ ಆಸುಪಾಸಿನಲ್ಲಿ ಇಡಬೇಕಾಗುತ್ತದೆ. ಬೆಳಕಾದರೋ ಸೆಕೆಂಡಿಗೆ ಎರಡೇ ಮಿಲಿಮೀಟರಿನಂತೆ, ಇರುವೆಗಿಂತ ನಿಧಾನವಾಗಿ, ಆ ದಾರಿಯನ್ನು ನಾಲ್ಕು ವರ್ಷಕ್ಕೂ ಮಿಕ್ಕಿ ಸವೆಸುತ್ತದೆ.

ಹೀಗೆ ನಡೆದು ಬಂದ ವಿದ್ಯಾರ್ಥಿಗೆ ಉಪಾಧ್ಯಾಯರು ಮೂರು ಪ್ರಶ್ನೆಗಳನ್ನು ರೂಢಿಸಿದರೆ ಪಾಠವು ಪೂರ್ಣವಾಗುತ್ತದೆ: ಈ ಸಂಖ್ಯೆಯ ಮಾನ ಯಾವುದು? ಅದನ್ನು ಅಳೆದದ್ದು ಹೇಗೆ? ಅದರಲ್ಲಿ ನಂಬಬಹುದಾದ ಅಂಕೆಗಳೆಷ್ಟು? ಅಂಗಡಿಯ ತಕ್ಕಡಿಯಿಂದ ಹಿಡಿದು ಅಂತರಿಕ್ಷ ನೌಕೆಯವರೆಗೆ ಎಲ್ಲ ಲೆಕ್ಕಕ್ಕೂ ಈ ಪ್ರಶ್ನೆಗಳು ಸಲ್ಲುತ್ತವೆ.